ಹೆಸರಿನ ಮುಂದಿನ ಎರಡಕ್ಷರ

ಪುಣೆಗೆ ಬಂದ ಹೊಸದರಲ್ಲೇ ವಾಕಡ ಬಡಾವಣೆಯ ಮನೆ ಮಾಲೀಕರು ನನ್ನ ಅಪ್ಪನನ್ನು ನನ್ನ ಗಂಡನನ್ನಾಗಿ ಮಾಡಿಬಿಟ್ಟರು! ಬಾಡಿಗೆ ಕರಾರಿಗೆ ಟಿ. ಎನ್. ಭಾಗ್ಯ ಎಂಬ ಹೆಸರನ್ನು ಬಿಡಿಸಿ ಬರೆದುಕೊಟ್ಟಿದ್ದೆ. ಟಿ ಎಂದರೆ ತುರುವೇಕೆರೆ, ಎನ್ ಎಂದರೆ ಅಪ್ಪ ನಂಜುಂಡಯ್ಯ. ಮರಾಠಿಗರಲ್ಲಿ ಮದುವೆಯಾದವಳ ನಡುಹೆಸರು ಗಂಡನದು. "ನಂಜುಂಡಯ್ಯ ಸಾಹೇಬರು ಯಾವಾಗ ಬರ್ತಾರೆ?" ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪ ಹೋಗಿ ವರ್ಷಗಳಾಗಿವೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಊರಲ್ಲಿ ಈ ಗೋಜೇ ಇರಲಿಲ್ಲ. ನಮ್ಮ ಕ್ಲಾಸಿನಲ್ಲಿ ಇಬ್ಬರು ಭಾಗ್ಯಂದಿರು. ಮೇಷ್ಟ್ರು "ಟಿ. ಎನ್.!" ಎಂದರೆ ನಾನು, "ಕೆ. ಆರ್.!" ಎಂದರೆ ಆ ತಂಟೆಕೋರಿ. ಆ ಕೂಗಿಗಾಗಿ ಇಲ್ಲಿ ಎಷ್ಟೋ ಸಂಜೆ ಹಂಬಲಿಸಿದ್ದೇನೆ.

ಒಂದು ಕಣ್ಣಾಸ್ಪತ್ರೆಯ ಪುಣೆ ಮತ್ತು ಕರ್ನಾಟಕದ ಶಾಖೆಗಳ ಮಾಹಿತಿಯನ್ನು ಒಂದುಗೂಡಿಸುವುದು ನನ್ನ ಕೆಲಸ. ಅದಕ್ಕೆ ನಮ್ಮದೆಂಬ ಸರ್ವರ್ ಇಲ್ಲ. ಕ್ಲೌಡ್‌ನ ಸೇವೆ, ಮದುವೆಮನೆಯ ಅಡುಗೆಭಟ್ಟರಂತೆ, ಕರೆದಾಗ ಬಂದು ಮುಗಿಸಿ ಹೋಗುತ್ತದೆ. ಯಾವ ಮಾಹಿತಿ ಎಲ್ಲಿದೆ, ಅದರ ಅರ್ಥವೇನು ಎಂದು ಹೇಳುವುದು ಕ್ಯಾಟಲಾಗ್.

ಹೆಸರಿನ ಇನಿಷಿಯಲ್‌ಗಳನ್ನು ಕಸವೆಂದು ಕಿತ್ತುಹಾಕುವ ನಿಯಮವನ್ನು ಟೀಮ್ ಲೀಡ್ ಬರೆದಿದ್ದರು. ಅಂದು ಸಂಜೆಯೇ ಅದು ಚಾಲೂ ಆಗುವುದಿತ್ತು. ಮೀಟಿಂಗಿನಲ್ಲಿ ಅದರ ಪ್ರಯೋಗದ ಫಲಿತಾಂಶವನ್ನು ಪರದೆಯ ಮೇಲೆ ತೋರಿಸಿದರು. ಹಾಸನದ ಇಬ್ಬರು ಲಕ್ಷ್ಮಮ್ಮಂದಿರು ಒಬ್ಬರೇ ಆಗಿ ಕೂತಿದ್ದರು! ಒಬ್ಬರಿಗೆ ಬರೆದ ಕಣ್ಣಿನ ಹನಿ ಮದ್ದು ಇನ್ನೊಬ್ಬರಿಗೆ ಅಲರ್ಜಿ.

"ಥಾಂಬಾ!" ಎಂದೆ. ಮರಾಠಿಯಲ್ಲಿ 'ನಿಲ್ಲಿ' ಎಂದರ್ಥ. ಮುಂದಕ್ಕೆ ಮರಾಠಿ ಬರಬೇಕಲ್ಲ! ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಪಕ್ಕದಲ್ಲಿದ್ದ ಸಹೋದ್ಯೋಗಿ ವಿಜಯಕ್ಕ ಇಲ್ಲೇ ಪುಣೆಯ ನಿಗಡಿಯಲ್ಲಿ ಬೆಳೆದ ವಿಜಯಪುರದವರು. "ಹೆದರಬ್ಯಾಡವಾ, ಹೇಳು. ನಾ ಅವ್ರಿಗೆ ತಿಳಿಸಿ ಹೇಳ್ತೀನಿ" ಎಂದರು. ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಮರಾಠಿಗೆ ತಂದರು. ಆಮೇಲೆ ನನ್ನತ್ತ ತಿರುಗಿ, "ನಮ್ಮಾಗ ಊರು ಹೆಸರಿನ ಕೊನಿಗೆ ಬರ್ತದ, ನಿಮ್ಮ ಕಡೆ ಮುಂದ. ಭಾಳ ಚಲೋ ಹಿಡದಿ ನೋಡು!" ಎಂದು ಬೆನ್ನು ತಟ್ಟಿದರು.

ನಿಯಮ ಹೋಯಿತು, ಲಕ್ಷ್ಮಮ್ಮಂದಿರು ಮತ್ತೆ ಇಬ್ಬರಾದರು. ಕ್ಯಾಟಲಾಗ್‌ನಲ್ಲಿ ನಾನೇ ವಿವರಣೆ ಬರೆದೆ: 'ಇವು ಹೆಚ್ಚಾಗಿ ಊರು ಮತ್ತು ತಂದೆಯ ಹೆಸರು. ತೆಗೆಯಬಾರದು.' ಬರೆಯುವಾಗ ಅಪ್ಪ ಬಹಳ ನೆನಪಾದರು.

ಅಂದಿನಿಂದ ಆಫೀಸಿನಲ್ಲಿ ನಾನು 'ತುರುವೇಕೆರೆ ಮ್ಯಾಡಮ್'. ಕಳೆದ ತಿಂಗಳು ಚಿಕ್ಕಮ್ಮನ ಗೃಹಪ್ರವೇಶಕ್ಕೆಂದು ಬೀಗುತ್ತಲೇ ಊರಲ್ಲಿ ಬಸ್ಸಿಳಿದೆ. ನನ್ನನ್ನು ಕಂಡಕೂಡಲೇ ಚಿಕ್ಕಮ್ಮ ಸಂಭ್ರಮದಿಂದ ಒಳಗೆ ಕೂಗಿದರು:

"ಪುಣೆ ಭಾಗ್ಯ ಬಂದ್ಲು, ಎಲೆ ಹಾಕ್ರೋ!"

ನಗುತ್ತಲೇ ಹೋಗಿ ಕೂತೆ. ಎಲೆಗೆ ನೀರು ಚಿಮುಕಿಸುತ್ತ ನನ್ನಷ್ಟಕ್ಕೇ ಮೆಲ್ಲಗೆ ಕೂಗಿಕೊಂಡೆ: "ಟಿ. ಎನ್.!"