ಮನೆಗೊಂದು ಎತ್ತು

ನಿಂಬರ್ಗಾದಲ್ಲಿ ನಮ್ಮ ಹೊಲಕ್ಕೂ ಪಕ್ಕದವರ ಹೊಲಕ್ಕೂ ನಡುವೆ ಇದ್ದದ್ದು ಒಂದು ಬದು, ಅಷ್ಟೇ. ಆ ಬದುವಿಗಾಗಿ ನನ್ನ ಅಪ್ಪ ಪಕ್ಕದ ಮನೆಯ ಹಿರಿಯನ ತಲೆ ಒಡೆದ, ಅವರು ನನ್ನ ಅಣ್ಣನ ಕೈ ಮುರಿದರು. ಎರಡೂ ಮನೆಯ ಗಂಡಸರು ಆಳಂದದ ಠಾಣೆಯಲ್ಲಿ ಒಂದೇ ಗೋಡೆಗೆ ಒರಗಿ ಕೂತು ಬಂದರು. ಬಂದ ಮೇಲೂ ಕೊಡಲಿ ಮಸೆಯುವುದು ನಿಲ್ಲಲಿಲ್ಲ. ಇದನ್ನೆಲ್ಲ ಮಾಡಿದ್ದು ಹಣೆತುಂಬ ವಿಭೂತಿ ಬಳಿದುಕೊಂಡು, ದಯೆ ದಯೆ ಅನ್ನುತ್ತ.

ಎಪ್ಪತ್ತರ ದಶಕದ ಮಾತಿದು. ನಾನಾಗ ಹತ್ತನೆಯ ತರಗತಿಯಲ್ಲಿದ್ದೆ. ಒಂದು ಸಂಜೆ ಅಪ್ಪ ಊಟಕ್ಕೆ ಕೂತಾಗ ಸಮಾಜದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ಯುದ್ಧ ಮಾಡಿ ಮಾಡಿ ಹೈರಾಣಾದ ಫ್ರಾನ್ಸ್, ಜರ್ಮನಿ, ಅವುಗಳ ನೆರೆಯ ದೇಶಗಳು ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಮಂಡಳಿಯ ಕೈಗೆ ಒಪ್ಪಿಸಿದವಂತೆ. ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ತೋಪು ಎರಕ ಹೊಯ್ಯದಂತೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಇನ್ನೊಮ್ಮಿ ಓದ್ ಬೇ,” ಎಂದ. ಓದಿದೆ.

ಮುಂದೆ ಹಿರಿಯರು ಪಂಚಾಯಿತಿಗೆ ಕೂತಾಗ ಅಪ್ಪನೇ ಮಾತೆತ್ತಿದ. “ಇಬ್ರೂ ಒಂದೊಂದ್ ಎತ್ತು ಮಾರೋಣ್ರಿ. ಮನಿಗಿ ಒಂದೇ ಎತ್ತು. ಹೂಡಬೇಕಂದ್ರ ಅವ್ರಿಗಿ ನಾವು ಬೇಕು, ನಮಗ ಅವ್ರು ಬೇಕು.” ಎಲ್ಲರೂ ಒಪ್ಪಿದರು.

ಅಂದಿನಿಂದ ಎರಡೂ ಕೊಟ್ಟಿಗೆಯ ಎತ್ತುಗಳು ಬೆಳಿಗ್ಗೆ ಬದುವಿಗೆ ಬರುತ್ತಿದ್ದವು, ಅಲ್ಲೇ ನೊಗ ಹೂಡುತ್ತಿದ್ದರು. ಎಡಕ್ಕೆ ನಮ್ಮದು, ಬಲಕ್ಕೆ ಅವರದು. ಮೊದಲು ಗಂಡಸರು ಎತ್ತಿನ ಜೊತೆಗಷ್ಟೇ ಮಾತಾಡಿದರು. ತೊಗರಿ ಬಿತ್ತಿ ಮುಗಿಯುವ ಹೊತ್ತಿಗೆ ಒಬ್ಬರ ಚೀಲದ ತಂಬಾಕು ಇನ್ನೊಬ್ಬರ ಅಂಗೈಗೆ ಹೋಗುತ್ತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ. ನಾನೂ ಶಾಲೆಯಲ್ಲಿ ಇಂಥ ಪಾಠ ಹೇಳಬೇಕು ಅಂತ ನಿಶ್ಚಯಿಸಿದೆ. ಗುಲ್ಬರ್ಗಾದಲ್ಲಿ ಶಿಕ್ಷಕಿಯರ ತರಬೇತಿಗೆ ಸೀಟೂ ಸಿಕ್ಕಿತು. ಅವ್ವ ಟ್ರಂಕು ಒರೆಸಿ ಇಟ್ಟಳು.

ಆಗ ಪಕ್ಕದ ಮನೆಯ ಹಿರಿಯ, ಅದೇ ತಲೆ ಒಡೆಸಿಕೊಂಡವನು, ನಮ್ಮ ಪಡಸಾಲೆಗೆ ಬಂದು ಕೂತ. “ಎತ್ತು ಇವತ್ತ್ ಇರ್ತದ, ನಾಳಿ ಸಾಯ್ತದ. ಮಾತು ಗಟ್ಟಿ ಆಗಬೇಕಂದ್ರ ನಿಮ್ಮ ಮಗಳನ್ನ ನಮ್ಮ ಮಗಗ ಕೊಡ್ರಿ.”

ನಾನು ಅತ್ತೆ, ಊಟ ಬಿಟ್ಟೆ, ಗುಲ್ಬರ್ಗಾಕ್ಕೆ ಹೋಗೇ ಹೋಗುತ್ತೇನೆ ಎಂದು ಹಟ ಹಿಡಿದೆ. ಅಪ್ಪ ಸಿಟ್ಟಾಗಲಿಲ್ಲ. “ಆ ಪಾಠ ನೀನೇ ಓದಿ ಹೇಳ್ದಿ. ಈಗ ನೀನೇ ಮುರೀಬ್ಯಾಡ,” ಎಂದ. ಕಲ್ಲಿದ್ದಲಿನ ಜೊತೆಗೆ ಅವರು ಯಾರ ಮಗಳನ್ನು ಕೊಟ್ಟರು ಅನ್ನುವುದು ನಮ್ಮ ಪುಸ್ತಕದಲ್ಲಿ ಇರಲಿಲ್ಲ.

ಮದುವೆಯಾಗಿ ಬದು ದಾಟಿ ಬಂದೆ. ರೊಟ್ಟಿ ಸೀದರೂ ಹಾಲು ಉಕ್ಕಿದರೂ ಅತ್ತೆಗೆ ನಾನು ತಲೆ ಒಡೆದವನ ಮಗಳು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ದಿನ. ಎತ್ತಿಗಿದ್ದ ಆ ಬಿಡುವು ನನಗಿರಲಿಲ್ಲ. ಆದರೂ ಮುದಿ ಎತ್ತಿನ ಜಾಗಕ್ಕೆ ಹೊಸ ಎತ್ತು ಬಂದು ಜೋಡಿ ಉಳಿಯಿತು, ಹೊಲಗಳೆರಡೂ ಹಸಿರಾಗಿದ್ದವು, ಯಾರ ತಲೆಯೂ ಒಡೆಯಲಿಲ್ಲ. ಅದನ್ನು ನೋಡಿ ಸುಮ್ಮನಿದ್ದೆ.

ತೊಂಬತ್ತರ ದಶಕದಲ್ಲಿ ನನ್ನ ಮೈದುನ ಟ್ರ್ಯಾಕ್ಟರ್ ತಂದ. ಗಂಡನ ಮನೆಯ ಎತ್ತನ್ನು ಆಳಂದದ ಸಂತೆಯಲ್ಲಿ ಮಾರಿದರು. ಅಪ್ಪನಿಗೆ ಒಂದು ಮಾತೂ ಹೇಳಲಿಲ್ಲ. ಟ್ರ್ಯಾಕ್ಟರ್ ತಿರುಗಿಸುವಾಗ ಬದುವಿನ ಒಂದು ಮಗ್ಗುಲು ಕುಸಿಯಿತು, ಮತ್ತೆ ಕೊಡಲಿಗಳು ಹೊರಬಂದವು. ಅದೇ ಸುಮಾರಿಗೆ ಬೆಲ್ಲ ಕಟ್ಟಿಕೊಂಡು ಬಂದ ಪೇಪರಿನ ತುಂಡಿನಲ್ಲಿ ಓದಿದೆ: ಕಲ್ಲಿದ್ದಲಿನ ಪಾಠದ ಆ ದೇಶಗಳು ಇನ್ನೂ ಹತ್ತಿರವಾಗಿವೆಯಂತೆ, ಗಡಿಯ ಗೇಟುಗಳನ್ನೇ ಕಿತ್ತುಹಾಕುತ್ತಾರಂತೆ. ಇಲ್ಲಿ ಮಹಾರಾಷ್ಟ್ರದ ಗಡಿಯ ಖಜೂರಿಯಲ್ಲಿ ಒಂದೇ ದೇಶದ ಲಾರಿಗಳು ಗೇಟಿನ ಮುಂದೆ ಸಾಲು ಹಚ್ಚಿ ನಿಲ್ಲುತ್ತವೆ. ಮೈಯೆಲ್ಲ ಉರಿಯಿತು. ಪೇಪರನ್ನು ಒಲೆಗೆ ಹಾಕಿದೆ.

“ತವರಿಗಿ ಹೋದ್ರ ಮತ್ತ ಈ ಹೊಸ್ತಿಲ ತುಳೀಬ್ಯಾಡ,” ಎಂದ ಗಂಡ. ಬದುವಿನ ಹತ್ತಿರ ಸಿಕ್ಕ ಅಪ್ಪನನ್ನು ಕೇಳಿದೆ, ನಾನೇನು ಮಾಡಲಿ ಎಂದು. “ನೀ ಈಗ ಆ ಮನಿ ಹೆಣ್ಮಗಳು,” ಎಂದು ಅವನು ಮುಖ ತಿರುಗಿಸಿದ.

ಅಪ್ಪನ ಒಂಟಿ ಎತ್ತಿಗೆ ಇದ್ಯಾವುದೂ ತಿಳಿದಿರಲಿಲ್ಲ. ಬೆಳಿಗ್ಗೆ ಬಿಚ್ಚಿದರೆ ಸಾಕು, ರೂಢಿಯಂತೆ ಬದುವಿಗೆ ಬಂದು, ಬಲಗಡೆ ಜಾಗ ಬಿಟ್ಟು ನಿಲ್ಲುತ್ತಿತ್ತು. ಈಚೆ ನಾನು ಜೋಳದ ಕಣಕಿ ಮೇವು ಹಿಡಿದು ನಿಂತಿರುತ್ತಿದ್ದೆ. ಅಪ್ಪ ಬರುತ್ತಿದ್ದ, ಹಗ್ಗ ಹಿಡಿಯುತ್ತಿದ್ದ, “ನಡಿ, ಮನಿಗಿ ಹೋಗೋಣು,” ಎನ್ನುತ್ತಿದ್ದ. ಎತ್ತಿಗೆ.