ಕಿವಿಯ ಹಿಂದಿನ ಚರ್ಮ ಮೂಗಿನ ಮೇಲೆ

ಇದು ನಡೆದು ಎರಡು ವರ್ಷ ಆಗುತ್ತಾ ಬಂತು. ಆಗ ನನಗೆ ನಲವತ್ತೆಂಟು. ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ಮನೆ ಮನೆಗೆ ಕಾಗದ ಹಂಚುವ ಕೆಲಸ ನನ್ನದು. ಮದುವೆಯಾಗಿ ಬಂದ ನಾಲ್ಕನೇ ವರ್ಷಕ್ಕೆ ಸೇರಿದವಳು, ಈಗಲೂ ಅದನ್ನೇ ಮಾಡುತ್ತಿದ್ದೇನೆ. ಸುತ್ತಲಿನವರು ನನ್ನನ್ನು ‘ಪೋಸ್ಟಿನ ಗಿರಿಜಕ್ಕ’ ಅಂತಲೇ ಕರೆಯುವುದು. ನಮ್ಮನೆಯವರದು ಒಂದು ಹಿಟ್ಟಿನ ಗಿರಣಿ ಇದೆ.

ನನ್ನ ಮೂಗಿನ ಬಲಗಡೆ, ಹೊಳ್ಳೆಗಿಂತ ಸ್ವಲ್ಪ ಮೇಲೆ, ಒಂದು ಸಣ್ಣ ಕಪ್ಪು ಗುಳ್ಳೆ ಎದ್ದಿತ್ತು. ಮುಖ ಒರೆಸುವಾಗ ಟವೆಲ್ ತಾಗಿ ರಕ್ತ ಬರುತ್ತಿತ್ತು. ನಾಲ್ಕು ದಿನಕ್ಕೆ ಒಣಗುತ್ತಿತ್ತು, ಮತ್ತೆ ಹಸಿಯಾಗುತ್ತಿತ್ತು. ಕನ್ನಡಕ ಒತ್ತಿ ಹೀಗಾಗಿದೆ ಅಂದುಕೊಂಡೆ. ಕನ್ನಡಕದವನ ಹತ್ತಿರ ಹೋಗಿ ಫ್ರೇಮ್ ಸಡಿಲ ಮಾಡಿಸಿಕೊಂಡೂ ಬಂದೆ. ಹೀಗೇ ಒಂದೂವರೆ ವರ್ಷ ಕಳೆದೆ ಅಂದರೆ ನನ್ನ ದಡ್ಡತನ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ತೀರ್ಥಹಳ್ಳಿಯಲ್ಲಿರುವ ತಂಗಿ ವನಜಳ ಮನೆಗೆ ಹೋಗಿದ್ದಾಗ ಅವಳು ಅದನ್ನು ನೋಡಿದಳು. “ಅಕ್ಕ, ಹೋದ ವರ್ಷ ಬಂದಾಗ್ಲೂ ಇದು ಇತ್ತಲ್ಲ. ಒಂದು ಗಾಯ ವರ್ಷಗಟ್ಲೆ ಇರ್ತದಾ?” ಅಂದಳು. ಮಾರನೇ ದಿನ ನಾನು ಬೇಡ ಅಂದರೂ ಬಿಡದೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರಮ್ಮ ಒಂದು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ಕರೆಸಿ, “ಇದು ಚರ್ಮದ ಕ್ಯಾನ್ಸರ್” ಅಂದರು.

ಆ ಮಾತಿನ ಮೇಲೆ ಅವರು ಹೇಳಿದ್ದನ್ನೆಲ್ಲ ವನಜ ಕೇಳಿಸಿಕೊಂಡಳು, ನಾನಲ್ಲ. ಇದು ತೀರಾ ನಿಧಾನವಾಗಿ ಬೆಳೆಯುವ ಜಾತಿ, ಬೇರೆ ಕಡೆ ಹರಡುವುದು ಬಹಳ ಅಪರೂಪ, ಪೂರ್ತಿ ತೆಗೆದುಬಿಟ್ಟರೆ ಗುಣವಾಗುತ್ತದೆ ಅಂತೆಲ್ಲ ಅವಳೇ ಆಮೇಲೆ ನನಗೆ ಬಿಡಿಸಿ ಹೇಳಿದ್ದು.

ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಗುಳ್ಳೆ ಕಂಡದ್ದು ಕಡಲೆಬೇಳೆಯಷ್ಟಾದರೂ ಬೇರು ಅಗಲಕ್ಕೆ ಹೋಗಿತ್ತಂತೆ. ತೆಗೆದಾಗ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬರಿದಾಯಿತು. ಅಂಚಿನಲ್ಲಿ ಏನೂ ಉಳಿದಿಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಬಲಗಿವಿಯ ಹಿಂದಿನಿಂದ ಅಷ್ಟೇ ಅಳತೆಯ ಚರ್ಮ ತೆಗೆದು ಮೂಗಿನ ಮೇಲಿಟ್ಟು ಹೊಲಿದರು. ಅದು ಅಲುಗಾಡಬಾರದು ಅಂತ ಮೇಲೆ ಒಂದು ಹತ್ತಿ ಉಂಡೆ ಇಟ್ಟು ದಾರದಿಂದ ಬಿಗಿದು ಕಟ್ಟಿದ್ದರು. ನೋವು ನಾನು ಹೆದರಿದಷ್ಟೇನೂ ಇರಲಿಲ್ಲ. ಮೂಗಿಗಿಂತ ಕಿವಿಯ ಹಿಂದೆಯೇ ಜಾಸ್ತಿ ಎಳೆಯುತ್ತಿತ್ತು.

ಏಳನೇ ದಿನ ಉಂಡೆ ಬಿಚ್ಚಿದರು. ನಾನು ಕನ್ನಡಿ ಕೇಳಿದೆ. ನರ್ಸ್ ಒಂದು ಸಣ್ಣ ಕನ್ನಡಿ ಕೊಟ್ಟರು. ಮೂಗಿನ ಮೇಲೆ ನೇರಳೆ ಬಣ್ಣದ್ದೊಂದು ತುಂಡು, ಸುತ್ತ ದಾರದ ಗುರುತು. ಡಾಕ್ಟರು ಪಕ್ಕದಲ್ಲಿ ನಿಂತು ಮಾತಾಡುತ್ತಲೇ ಇದ್ದರು. ನನ್ನ ಕಣ್ಣು ಕನ್ನಡಿಯಲ್ಲಿತ್ತು, ಕಿವಿಗೆ ಏನೂ ಬೀಳಲಿಲ್ಲ. ನಮ್ಮನೆಯವರು ಔಷಧಿ ತರಲು ಕೆಳಗೆ ಹೋಗಿದ್ದರು. ಹಾಗಾಗಿ ಮುಖ್ಯವಾದ ಮಾತು ನಮ್ಮಿಬ್ಬರಲ್ಲಿ ಯಾರಿಗೂ ತಲುಪಲಿಲ್ಲ.

ಮನೆಗೆ ಬಂದ ಮೇಲೆ ಆ ತುಂಡು ದಿನದಿಂದ ದಿನಕ್ಕೆ ಕಪ್ಪಾಗುತ್ತಾ ಹೋಯಿತು. ಹನ್ನೊಂದನೇ ದಿನಕ್ಕೆ ಹುಳಿಗೆಂದು ಒಣಗಿಸಿಟ್ಟ ಮುರುಗಲ ಹಣ್ಣಿನ ಸಿಪ್ಪೆಯ ಹಾಗೆ ಗಟ್ಟಿಯಾಗಿ ಕಪ್ಪಗೆ ಕೂತಿತ್ತು. ನೋಡಲು ಬಂದ ಪಕ್ಕದ ಮನೆಯ ಅತ್ತಿಗೆ, “ಗಿರಿಜಾ, ಇದು ಹಿಡೀಲಿಲ್ಲ ಅನ್ಸತ್ತೆ ಕಣೇ. ಕೊಳೀತಾ ಇದೆ. ಒಳಗೆ ಇಳಿಯೋಕೆ ಮುಂಚೆ ತೆಗೆಸಿಬಿಡು” ಅಂದರು. ಕೆಡುಕು ಬಯಸಿ ಹೇಳಿದ ಮಾತಲ್ಲ ಅದು. ಕೆಳದಿ ಕಡೆಯ ಒಂದು ಊರಲ್ಲಿ ನಾಟಿ ಔಷಧಿ ಕೊಡುವವರಿದ್ದಾರೆ, ಸತ್ತ ಚರ್ಮ ಕಿತ್ತು ಸೊಪ್ಪಿನ ರಸ ಹಾಕಿ ಕಟ್ಟುತ್ತಾರೆ, ಎಂಥ ಗಾಯವೂ ವಾಸಿಯಾಗುತ್ತದೆ ಅಂತ ವಿಳಾಸವನ್ನೂ ಕೊಟ್ಟರು.

ಆಸ್ಪತ್ರೆಗೆ ಎರಡು ಸಲ ಫೋನ್ ಮಾಡಿದೆ. ಭಾನುವಾರ, ಯಾರೂ ಎತ್ತಲಿಲ್ಲ. ನಮ್ಮನೆಯವರು, “ಹೇಗೂ ಗುರುವಾರ ತೋರಿಸಬೇಕಲ್ಲ, ನಾಲ್ಕು ದಿನ ತಡಿ” ಅಂದರು. ತಡೆಯುವಷ್ಟು ಧೈರ್ಯ ನನಗಿರಲಿಲ್ಲ. ಸೋಮವಾರ ಬೆಳಿಗ್ಗೆ, “ಸಾಗರದಲ್ಲಿ ಆಫೀಸಿಗೆ ರಜೆಯ ಕಾಗದ ಕೊಟ್ಟು ಬರ್ತೀನಿ” ಅಂತ ಅವರಿಗೆ ಸುಳ್ಳು ಹೇಳಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಸಾಗರದ ಬಸ್ಸು ಹತ್ತಿದೆ.

ದಾರಿಯಲ್ಲಿ ಸಿಗುವ ಬಟ್ಟೆಮಲ್ಲಪ್ಪ ಅನ್ನುವ ಊರಲ್ಲಿ ಒಬ್ಬ ಹೆಂಗಸು ಹತ್ತಿ ನನ್ನ ಪಕ್ಕ ಕೂತರು. ಅರವತ್ತೈದರ ಆಸುಪಾಸು, ದಪ್ಪ ಮೈ, ಕೈಯಲ್ಲೊಂದು ತುಂಬಿದ ಚೀಲ. ನಾನು ಮೂಗಿಗೆ ಸೆರಗು ಹಿಡಿದು ಕೂತಿದ್ದನ್ನು ನೋಡಿ, “ವಾಂತಿ ಬರ್ತದಾ?” ಅಂತ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಚೀಲದಿಂದ ಒಂದು ಲಿಂಬೆಹಣ್ಣು ತೆಗೆದು, “ಮೂಸ್ತಾ ಇರು. ಕಿಟಕಿ ಕಡೆ ಮುಖ ಮಾಡು” ಅಂದರು. ಬೇಡ ಅಂದರೆ ಕಾರಣ ಹೇಳಬೇಕು. ಸುಮ್ಮನೆ ಇಸಿದುಕೊಂಡೆ. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಲಿಂಬೆಹಣ್ಣು. ಅಷ್ಟರಲ್ಲಿ ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ. ಮುಂದಿನ ಸೀಟಿನ ಕಂಬಿ ಹಿಡಿಯಲು ಹೋಗಿ ಸೆರಗು ಬಿಟ್ಟೆ.

ಅವರು ನನ್ನ ಮೂಗು ನೋಡಿದರು. ಅಯ್ಯೋ ಅನ್ನಲಿಲ್ಲ, ಏನಾಯ್ತು ಅಂತಲೂ ಕೇಳಲಿಲ್ಲ. “ಎಷ್ಟು ದಿನ ಆಯ್ತು?” ಅಂದರು.

“ಹನ್ನೆರಡು” ಅಂದೆ.

“ಚರ್ಮ ಎಲ್ಲಿಂದ ತೆಗೆದ್ರು? ಕಿವಿ ಹಿಂದಿನದಾ?”

ನನಗೆ ಆಶ್ಚರ್ಯವಾಯಿತು. ನಿಮಗೆ ಹೇಗೆ ಗೊತ್ತು ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಮುಖವನ್ನು ನನ್ನ ಕಡೆ ತಿರುಗಿಸಿದರು. “ನನ್ನ ಮೂಗು ನೋಡು. ನಂಗೂ ಆಗಿದೆ ಇದು, ಆರು ವರ್ಷದ ಹಿಂದೆ. ಯಾವ ಕಡೆ ಅಂತ ನೀನೇ ಹೇಳು ನೋಡನ.”

ನಾನು ನೋಡಿಯೇ ನೋಡಿದೆ. ಬಸ್ಸು ಅಲುಗಾಡುತ್ತಿತ್ತು ನಿಜ. ಆದರೂ ಒಂದು ಮೊಳ ದೂರವೂ ಇಲ್ಲ. ಎಡಗಡೆ ಇರಬಹುದು ಅಂದೆ. ಅವರು ನಕ್ಕರು. “ಅಲ್ಲ, ಈ ಕಡೆ” ಅಂತ ನನ್ನ ಬೆರಳು ಹಿಡಿದು ತಮ್ಮ ಮೂಗಿನ ಬಲಗಡೆ ಇಡಿಸಿಕೊಂಡರು. ಹೇಳಿದ ಮೇಲೆ ಕಂಡಿತು. ಒಂದು ದುಂಡನೆಯ ಜಾಗ, ಸುತ್ತಲಿನದಕ್ಕಿಂತ ಚೂರು ತಿಳಿ ಬಣ್ಣ, ಚೂರು ನುಣುಪು. ಅದರ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಗುಳಿ.

“ಹತ್ರ ಬಂದ್ರೆ ಕಾಣ್ತದೆ. ಅಷ್ಟು ಹತ್ರ ಬರೋರು ಮನೆಯವರು ಮಾತ್ರ, ಅವರಿಗೆ ಹೇಗೂ ಗೊತ್ತಲ್ಲ” ಅಂದರು.

ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಬಂದುಬಿಟ್ಟಿತು. ಎಲ್ಲಿಗೆ ಹೊರಟಿದ್ದೇನೆ, ಏಕೆ ಹೊರಟಿದ್ದೇನೆ, ಮನೆಯಲ್ಲಿ ಏನು ಸುಳ್ಳು ಹೇಳಿದ್ದೇನೆ ಅನ್ನುವುದನ್ನೆಲ್ಲ ಹೆಸರೂ ಗೊತ್ತಿಲ್ಲದ ಅವರ ಮುಂದೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ದನಿ ಬದಲಾಯಿತು.

“ನೋಡು ತಂಗಿ, ಈ ಗುಳಿ ಆಪರೇಷನ್ ಮಾಡಿದ್ದಲ್ಲ. ನಾನೇ ಮಾಡ್ಕೊಂಡಿದ್ದು. ನಂದೂ ನಿನ್ನ ಹಾಗೇ ಕರ್ರಗಾಗಿತ್ತು. ಕೊಳೀತು ಅಂದ್ಕೊಂಡು ಉಗುರಿಂದ ಒಂದು ಮೂಲೆ ಎಬ್ಬಿಸಿದೆ. ರಕ್ತ ನಿಲ್ಲಲೇ ಇಲ್ಲ. ಕಪ್ಪಾಗೋದು ಮೇಲಿನ ತೆಳು ಪದರ ಅಷ್ಟೇ ಅಂತೆ. ಅದರ ಅಡೀಲಿ ಹೊಸ ಚರ್ಮ ಬೇರು ಬಿಡ್ತಾ ಇರ್ತದೆ. ನಾನು ಅದನ್ನೇ ಕಿತ್ತಿದ್ದೆ. ನೀನು ಪೂರ್ತಿ ಕೀಳಿಸ್ಕೊಳ್ಳೋಕೆ ಹೊರಟಿದ್ದೀಯಲ್ಲ ಮಾರಾಯ್ತಿ.”

ಸಾಗರದಲ್ಲಿ ಇಳಿದಾಗ ಕೆಳದಿ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ನಾನು ಹುಡುಕಲಿಲ್ಲ. ಅವರು ನನ್ನ ಕೈ ಬಿಟ್ಟಿದ್ದರೆ ತಾನೆ. ಹೆಸರು ಲಲಿತಮ್ಮ ಅಂತ ಆಗ ಗೊತ್ತಾಯಿತು. ಪೇಟೆಯಲ್ಲಿ ಸಣ್ಣದೊಂದು ಊಟದ ಮನೆ ನಡೆಸುತ್ತಿದ್ದರು, ಮಧ್ಯಾಹ್ನದ ಅಡಿಗೆಗೆ ಹೊತ್ತಾಗುತ್ತಿತ್ತು. ಆದರೂ ಸೊಸೆಗೆ ಫೋನ್ ಮಾಡಿ, “ಸಾರಿಗೆ ನೀನೇ ಇಡು, ನಾ ಬರೋದು ತಡ” ಅಂದು, ತಮಗೆ ಹಿಂದೆ ಡ್ರೆಸಿಂಗ್ ಮಾಡುತ್ತಿದ್ದ ಡಾಕ್ಟರ ಹತ್ತಿರ ನೇರ ಕರೆದುಕೊಂಡು ಹೋದರು.

ಆ ಡಾಕ್ಟರು ವಯಸ್ಸಾದವರು. ಟಾರ್ಚ್ ಹಾಕಿ ನೋಡಿದರು. ಹತ್ತಿಯನ್ನು ಒದ್ದೆ ಮಾಡಿ ಅಂಚಿನಲ್ಲಿ ಮೆತ್ತಗೆ ಒತ್ತಿದರು. ಅಕ್ಕಿಕಾಳಿನಷ್ಟು ಕಪ್ಪು ಸಿಪ್ಪೆ ತಾನಾಗಿ ಬಿಟ್ಟುಕೊಂಡಿತು. ಕನ್ನಡಿ ಹಿಡಿದು, “ಇಲ್ಲಿ ನೋಡಿ” ಅಂದರು. ಅಡಿಯಲ್ಲಿ ಎಳೆ ಗುಲಾಬಿ ಬಣ್ಣ. “ಹಿಡಿದಿದೆಯಮ್ಮ, ಚೆನ್ನಾಗೇ ಹಿಡಿದಿದೆ. ಉಳಿದದ್ದು ತಾನಾಗಿ ಉದುರ್ತದೆ. ಅವರು ಕೊಟ್ಟ ಮುಲಾಮು ಹಚ್ಚಿ ಹಸಿ ಇಟ್ಕೊಳ್ಳಿ. ಕೈ ಮಾತ್ರ ಹಾಕಬೇಡಿ. ಗುರುವಾರ ತಪ್ಪದೆ ಶಿವಮೊಗ್ಗಕ್ಕೆ ಹೋಗಿ” ಅಂದರು.

ಲಲಿತಮ್ಮನ ಊಟದ ಮನೆಯ ಹಿಂದಿನ ಕೋಣೆಯಲ್ಲಿ ಕೂತು ನಮ್ಮನೆಯವರಿಗೆ ಫೋನ್ ಮಾಡಿದೆ. ಸುಳ್ಳು ಹೇಳಿದ್ದನ್ನೂ, ಎಲ್ಲಿಗೆ ಹೊರಟಿದ್ದೆ ಅನ್ನುವುದನ್ನೂ ಹೇಳಿದೆ. ಆ ಕಡೆ ಗಿರಣಿ ಓಡುವ ಸದ್ದು ಕೇಳುತ್ತಿತ್ತು. ಅವರು ಗಿರಣಿ ನಿಲ್ಲಿಸಿದರು. ಬೈಯುತ್ತಾರೆ ಅಂತ ಕಾದೆ. “ಊಟ ಆಯ್ತಾ?” ಅಂದರು. ಇಲ್ಲ ಅಂದೆ. “ಊಟ ಮಾಡಿ ಅಲ್ಲೇ ಇರು. ಕರ್ಕೊಂಡ್ ಹೋಗೋಕೆ ನಾನೇ ಬರ್ತೀನಿ” ಅಂದು ಫೋನ್ ಇಟ್ಟರು. ಆ ದಿನ ಉಂಡ ಅನ್ನ, ಬಸಳೆ ಹುಳಿ ಎಷ್ಟು ರುಚಿಯಾಗಿತ್ತು ಅಂದರೆ, ಎರಡು ವಾರದಿಂದ ನಾನು ಊಟದ ಹೆಸರಿನಲ್ಲಿ ಏನು ಮಾಡುತ್ತಿದ್ದೆ ಅಂತ ನನಗೇ ಅನುಮಾನ ಬಂತು.

ಮೂರನೇ ವಾರ ಮುಗಿಯುವ ಹೊತ್ತಿಗೆ ಕಪ್ಪು ಸಿಪ್ಪೆ ಪೂರ್ತಿ ಉದುರಿತು. ಕೆಂಪಗೆ ಹೊಳೆಯುವ ಹೊಸ ಚರ್ಮ ಬಂತು. ನಿಜ ಹೇಳಬೇಕೆಂದರೆ ಅದೇನೂ ಚಂದ ಇರಲಿಲ್ಲ. ಮೊದಲ ಎರಡು ತಿಂಗಳು ಮೂಗಿನ ಮೇಲೆ ಒಂದು ಬಿಲ್ಲೆ ಅಂಟಿಸಿದ ಹಾಗೆ ಉಬ್ಬಿಕೊಂಡಿತ್ತು. ಡಾಕ್ಟರು ಹೇಳಿದ ಮೇಲೆ ದಿನಾ ಎರಡು ಹೊತ್ತು ವ್ಯಾಸಲೀನ್ ಹಚ್ಚಿ ಬೆರಳ ತುದಿಯಿಂದ ತಿಕ್ಕುತ್ತಿದ್ದೆ. ಮುಟ್ಟಿದರೆ ಮರಗಟ್ಟಿದ ಹಾಗಿರುತ್ತಿತ್ತು. ಲಲಿತಮ್ಮನಿಗೆ ಫೋನ್ ಮಾಡಿ ದೂರುತ್ತಿದ್ದೆ. “ವರ್ಷ ಬೇಕು ಅದಕ್ಕೆ. ದಿನಾ ಕನ್ನಡಿ ನೋಡಬೇಡ, ತಿಂಗಳಿಗೊಂದ್ಸಲ ನೋಡು” ಅನ್ನುತ್ತಿದ್ದರು.

ಕೆಲಸಕ್ಕೆ ಮರಳುವುದು ಆಪರೇಷನ್‌ಗಿಂತ ಕಷ್ಟ ಅನಿಸಿತ್ತು. ನಮ್ಮದು ದಿನಕ್ಕೆ ಮೂವತ್ತು ಮನೆಯ ಬಾಗಿಲಲ್ಲಿ ಮುಖ ತೋರಿಸುವ ಕೆಲಸ. ಅಗಲ ಅಂಚಿನ ಟೋಪಿ ಹಾಕಿ, ಬಿಸಿಲಿಗೆ ಹಚ್ಚುವ ಕ್ರೀಮ್ ಬಳಿದುಕೊಂಡು ಹೊರಟೆ. ಮೊದಲ ಮನೆಯಲ್ಲೇ ಎಂಬತ್ತು ದಾಟಿದ ಅಜ್ಜಿಯೊಬ್ಬರು ಕಾಗದ ಇಸಿದುಕೊಳ್ಳದೆ ನನ್ನ ಮುಖವನ್ನೇ ನೋಡಿ, “ಗಿರಿಜಾ, ಎಂತ, ಮೂಗಿಗೆ ಬೇರೆ ಬಣ್ಣದ ತೇಪೆ ಹಾಕ್ಸಿದ್ಯಾ?” ಅಂದರು. ಟೋಪಿಯ ಅಂಚು ಕೆಳಗೆಳೆದುಕೊಂಡೆ. ಆಮೇಲೆ ನೋಡಿದರೆ ಅವರು ಉಟ್ಟ ಸೀರೆಯ ಮೊಣಕಾಲ ಹತ್ತಿರವೂ ಒಂದು ದೊಡ್ಡ ತೇಪೆ. “ಹೌದಜ್ಜಿ, ಅಂಗಡೀಲಿ ಸಿಕ್ಕ ಬಣ್ಣ ಇದೇ” ಅಂದೆ. ಇಬ್ಬರೂ ನಕ್ಕೆವು. ಉಳಿದ ಇಪ್ಪತ್ತೊಂಬತ್ತು ಮನೆ ಹೇಗೆ ಮುಗಿಯಿತೋ ಗೊತ್ತಾಗಲಿಲ್ಲ.

ಈಗ ಬಣ್ಣ ಹೆಚ್ಚು ಕಡಿಮೆ ಕೂಡಿಕೊಂಡಿದೆ. ಚೂರು ತಿಳಿಯಾಗಿದೆ, ಚಳಿಗಾಲದಲ್ಲಿ ಸ್ವಲ್ಪ ಕೆಂಪಾಗುತ್ತದೆ. ಉಬ್ಬು ಇಳಿದಿದೆ. ಹೊಳ್ಳೆ ಒಂದು ಕೂದಲೆಳೆಯಷ್ಟು ಮೇಲಕ್ಕೆ ಎಳೆದುಕೊಂಡಿದೆ, ಅದು ಇನ್ನು ಹಾಗೇ ಇರುತ್ತದಂತೆ. ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತೇನೆ. ಇದುವರೆಗೆ ಮತ್ತೆ ಏನೂ ಕಂಡಿಲ್ಲ.

ಹೋದ ತಿಂಗಳು ಶಿವಮೊಗ್ಗಕ್ಕೆ ಹೋದಾಗ ಆಪರೇಷನ್ ಮಾಡಿದ ಡಾಕ್ಟರು ಒಂದು ಮಾತು ಕೇಳಿದರು. “ಗಿರಿಜಮ್ಮ, ನಿಮ್ಮ ಮೂಗಿನದೊಂದು ಫೋಟೋ ತೆಗೀಲಾ? ಕಪ್ಪಾದಾಗ ಹೆದರಿ ಓಡಿ ಬರೋರಿಗೆ ತೋರಿಸೋಕೆ ಆಗ್ತದೆ. ಮುಖ ಬರಲ್ಲ, ಬರೀ ಮೂಗು. ಯಾರು ಅಂತ ಗೊತ್ತಾಗಲ್ಲ.”

ಕಪ್ಪು ಸಿಪ್ಪೆ ಹೊತ್ತು ಬಸ್ಸಿನಲ್ಲಿ ಕೂತಿದ್ದ ದಿನ ಯಾರಾದರೂ ನನಗೆ ಬರೀ ಒಂದು ಮೂಗಿನ ಫೋಟೋ ತೋರಿಸಿದ್ದರೆ ನಂಬುತ್ತಿದ್ದೆನೇ ಅನಿಸಿತು.

“ಮುಖ ಪೂರ್ತಿ ತೆಗೀರಿ ಸಾರ್” ಅಂದೆ. “ಗೊತ್ತಾಗಲಿ.”

ಟೋಪಿ ತೆಗೆದು, ಕೂದಲು ಸರಿ ಮಾಡಿಕೊಂಡು, ಬೆಳಕಿನ ಕಡೆ ತಿರುಗಿ ಕೂತೆ. ನಗಬೇಕಾ ಬೇಡವಾ ಅಂತ ಕೇಳಿದೆ. ನಿಮ್ಮಿಷ್ಟ ಅಂದರು. ನಕ್ಕೆ.