ವಿಡಿಯೋ ಕಾಲ್‌ನಲ್ಲಿ ಹೆಣ್ಣು ನೋಡುವ ಶಾಸ್ತ್ರ

ಕಳೆದ ಶುಕ್ರವಾರ ಕುವೈತಿನ ಹವಲ್ಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯಿತು. ಗಂಡು ಮಾತ್ರ ಇರಲಿಲ್ಲ!

ಗಾಬರಿಯಾಗಬೇಡಿ. ಎದುರು ಫ್ಲ್ಯಾಟಿನ ಸುಧಾಳ ಮಗಳು ಮೇಘನಾ ಓಟಗಾರ್ತಿ. ಐದು ಕಿಲೋಮೀಟರ್, ಹತ್ತು ಕಿಲೋಮೀಟರ್ ಓಡುವವಳು. (ನಾನು ಲಿಫ್ಟ್ ಕೆಟ್ಟರೆ ವಾಚ್‌ಮನ್‌ನನ್ನು ಬೈಯುವ ಪೈಕಿ.) ಅಮೆರಿಕದ ಕಾಲೇಜುಗಳು ತಮ್ಮ ಟೀಮಿಗೆ ಹೊರದೇಶದ ಓಟಗಾರರನ್ನು ಹುಡುಕಿ, ಸ್ಕಾಲರ್‌ಶಿಪ್ ಕೊಟ್ಟು ಕರೆಸಿಕೊಳ್ಳುತ್ತವಂತೆ. ಅಂಥದೊಂದು ಕಾಲೇಜಿನ ಕೋಚ್ ಇವಳ ಟೈಮಿಂಗ್ ನೋಡಿ ಮಾತಾಡೋಣ ಎಂದು ಮೆಸೇಜ್ ಮಾಡಿದ್ದ. ಒಪ್ಪಿದರೆ ಓದು, ಓಟ ಎರಡೂ. ಇಲ್ಲದಿದ್ದರೆ ಅಜ್ಜಿ ಮನೆಯಲ್ಲಿದ್ದು ಮೈಸೂರಿನ ಕಾಲೇಜು. ಓಟ ಖಲಾಸ್.

ಹೊರಗಿನವರು ಮಗಳನ್ನು ನೋಡುತ್ತಾರೆಂದರೆ ಸುಧಾಳಿಗೆ ಗೊತ್ತಿರುವುದು ಒಂದೇ ಪದ್ಧತಿ. ಉಪ್ಪಿಟ್ಟು, ಕೇಸರಿಬಾತ್ ಆಯಿತು. ಸೋಫಾಕ್ಕೆ ಹೊಸ ಕವರ್ ಬಂತು. ಹುಡುಗಿಗೆ ಜರಿ ಅಂಚಿನ ಚೂಡಿದಾರ್. "ಅಕ್ಕಾ, ಹಿರಿಯರು ಅಂತ ಒಬ್ಬರು ಇರ್ಬೇಕಲ್ವಾ?" ಎಂದು ನನ್ನನ್ನೂ ಕೂರಿಸಿದಳು. ಸ್ಕ್ರೀನಿಗೆ ಕೇಸರಿಬಾತ್ ತಿನ್ನಿಸುವುದು ಹೇಗೆ? ನಾನೇ ತಿಂದೆ.

ಕೋಚ್ ಕೇಳಿದ್ದೆಲ್ಲ ಮೇಘನಾಳನ್ನು. ಉತ್ತರವೆಲ್ಲ ಅಪ್ಪ-ಅಮ್ಮನದು.

ಟೀಮಿನ ಜೊತೆ ಹೊಂದಿಕೊಳ್ತೀಯಾ? "ತುಂಬಾ ಅಡ್ಜಸ್ಟ್ ಮಾಡ್ಕೋತಾಳೆ ಸರ್, ಎದುರು ಮಾತಾಡಲ್ಲ" ಎಂದಳು ಸುಧಾ.

ಗಾಯಗಳೇನಾದರೂ ಆಗಿದ್ದವಾ? "ನೋ ನೋ, ನಥಿಂಗ್" ಎಂದರು ಅವಳ ಗಂಡ ನಾಗರಾಜ್.

ಹೋದ ಚಳಿಗಾಲ ಪೂರ್ತಿ ಹುಡುಗಿ ಕುಂಟುತ್ತಿದ್ದುದು ಇಡೀ ಬಿಲ್ಡಿಂಗಿಗೆ ಗೊತ್ತು. ನಾನು ಉಪ್ಪಿಟ್ಟಿನ ಕಡೆ ಗಮನ ಕೊಟ್ಟೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ!

ಕೊನೆಗೆ ಕೋಚ್, "ನೀನು ನನ್ನನ್ನು ಕೇಳುವುದೇನಾದರೂ ಇದೆಯಾ?" ಎಂದ.

ಸುಧಾ ಇಲ್ಲ ಎನ್ನುವಷ್ಟರಲ್ಲಿ ಮೇಘನಾ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟಳು. "ಹೋದ ವರ್ಷ ನನ್ನ ಕಾಲಿಗೆ ಗಾಯ ಆಗಿತ್ತು. ಈಗ ವಾಸಿಯಾಗಿದೆ. ಅಲ್ಲಿಗೆ ಬಂದಮೇಲೆ ಮತ್ತೆ ಹಾಗಾಗಿ ಓಡೋಕೆ ಆಗದಿದ್ದರೆ, ನನ್ನನ್ನು ಇಟ್ಟುಕೊಳ್ತೀರಾ?"

ನಾಗರಾಜ್ ಇಂಗು ತಿಂದ ಮಂಗನಂತಾದರು. ಸ್ಕಾಲರ್‌ಶಿಪ್ ವರ್ಷ ವರ್ಷ ರಿನ್ಯೂ ಆಗಬೇಕು, ಈಗಲೇ ಮಾತು ಕೊಡಲಾರೆ ಎಂದ ಕೋಚ್. ಕೇಳಿದ್ದು ಒಳ್ಳೆಯದಾಯಿತು ಎಂದೂ ಹೇಳಿದ. ಆಮೇಲೆ, ಯೋಚಿಸಿ ತಿಳಿಸುತ್ತೇನೆ ಎಂದು ಕಾಲ್ ಮುಗಿಸಿದ. (ಊರಿಗೆ ಹೋಗಿ ಕಾಗದ ಹಾಕ್ತೀವಿ ಅನ್ನುವುದು ಅಮೆರಿಕದಲ್ಲೂ ಇದೆ ನೋಡಿ.)

"ಇಕಾಮಾ ಥರಾನೇ ಆಯ್ತಲ್ಲ ಇದು" ಎಂದು ನಾಗರಾಜ್ ಗೊಣಗಿದರು. ಕುವೈತಿನಲ್ಲೇ ಹುಟ್ಟಿ, ಆ ವಾಸದ ಪರ್ಮಿಟ್ಟಿನ ರಿನ್ಯೂವಲ್ ಮೇಲೆಯೇ ಬೆಳೆದ ಮಗಳಿಗೆ ಅದೇನು ಹೊಸತೇ?

ಮಗಳಿಗೆ ಇವತ್ತು ಮಂಗಳಾರತಿ ಎಂದುಕೊಂಡೇ ಅಡುಗೆಮನೆಗೆ ಹೋದೆ. ಸುಧಾ ನನಗೆಂದು ಕೇಸರಿಬಾತ್ ಡಬ್ಬಿಗೆ ತುಂಬುತ್ತಿದ್ದಳು.

"ಅಕ್ಕಾ, ನನ್ನನ್ನ ನೋಡೋಕೆ ಬಂದಾಗ್ಲೂ ನನ್ನ ಹತ್ರ ಒಂದು ಪ್ರಶ್ನೆ ಇತ್ತು. ಕೇಳಮ್ಮಾ ಅಂತ ಯಾರೂ ಅನ್ನಲಿಲ್ಲ."

"ಏನು ಪ್ರಶ್ನೆ?"

"ಇದೇ. ಕೈಲಾಗದೆ ಬಿದ್ಕೊಂಡ್ರೆ ಇಟ್ಕೋತೀರಾ ಅಂತ."

ನಾನು ಡಬ್ಬಿ ತೆಗೆದುಕೊಂಡು ಮನೆಗೆ ಬಂದೆ. ಕೋಚ್ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ. ಉಪ್ಪಿಟ್ಟು ತಿಂದು ಹೆಣ್ಣು ಒಪ್ಪಿ ಬಂದ ಗಂಡಸರೇ, ಆವತ್ತು ನಿಮ್ಮನ್ನು ಹೀಗೆ ಕೇಳಿದ್ದರೆ ಏನನ್ನುತ್ತಿದ್ದಿರಿ?